ಗೋವಾಕ್ಕೆ ಜಿಪ್ಸಿಯಲ್ಲಿ ಹೊರಟವರು ಚಿಕ್ಕ ಲಿವರ್ ಮರೆಯಬೇಡಿ

ಜೋಯಿಡಾ ತಾಲ್ಲೂಕಿನ ರಾಮನಗರದಿಂದಲೇ ಜಾರುತ್ತಿದ್ದ ಕ್ಲಚ್ ಅನಮೋಡ ಘಾಟಿ ಇಳಿಯುವವರೆಗೆ ಹೇಗೋ ಮರ್ಯಾದೆ ಉಳಿಸಿತು. ಮೊಲೆಮ್ ಚೆಕ್‌ಪೋಸ್ಟ್ ದಾಟಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಕೂಗತೊಡಗಿತು, ಜಿಪ್ಸಿ ಮಾತ್ರ ನಿಂತಲ್ಲೇ ನಿಂತಿತು. ಹಿಂದಿನಿಂದ ಭಾವ ತಮ್ಮ ಬೊಲೆರೊದಲ್ಲಿ ಬರುತ್ತಿದ್ದರು. ಇಬ್ಬರೂ ಇಳಿದು ನೋಡಿದೆವು. ಸುಟ್ಟ ವಾಸನೆ ಬಂದ ಮೇಲೆ ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ, ಕ್ಲಚ್ ಪ್ಲೇಟ್ ಹೋಗಿತ್ತು.

ಅಲ್ಲಿಂದ ಫೋಂಡಾಕ್ಕೆ ಸುಮಾರು 30 ಕಿಲೋಮೀಟರ್. ಫೋನಿನಲ್ಲಿ ಸಿಕ್ಕ ಕ್ರೇನ್‌ನವನು ಮೂರು ಸಾವಿರ ಎಂದ. ಎರಡು ಗಂಟೆ ಕಾಯಿಸಿ ಬಂದವನು ಕರ್ನಾಟಕದ ನಂಬರ್ ಪ್ಲೇಟ್ ನೋಡಿ ಏಳು ಸಾವಿರ ಎಂದ. ಕತ್ತಲಾಗುತ್ತಿತ್ತು, ಸುತ್ತಲೂ ಕಾಡು. ಒಪ್ಪಿಕೊಂಡೆ. ದುಡ್ಡಿನ ಮೋಸವನ್ನು ನಾನು ಮರೆತೇನು, ಆದರೆ ಆಮೇಲೆ ಅವನು ಮಾಡಿದ್ದನ್ನು ಇಂದಿಗೂ ಕ್ಷಮಿಸಿಲ್ಲ. ಮುಂದಿನ ಚಕ್ರಗಳನ್ನು ಎತ್ತಿ ಕಟ್ಟಿ, "ನ್ಯೂಟ್ರಲ್ ಹಾಕಿದ್ದೀರಲ್ಲ, ಸಾಕು" ಎಂದು ಅರವತ್ತರ ವೇಗದಲ್ಲಿ ಹೊರಟುಬಿಟ್ಟ. ಉಸಗಾಂವ್‌ನ ತಿಸ್ಕ್‌ನಲ್ಲಿ ಅವನು ಚಹಾಕ್ಕೆ ನಿಲ್ಲಿಸಿದಾಗ ಗಾಡಿಯ ಕೆಳಗಿನಿಂದ ಕಾದ ಎಣ್ಣೆಯ ವಾಸನೆ ಬರುತ್ತಿತ್ತು. ಗೇರ್‌ಬಾಕ್ಸ್‌ನ ಹಿಂತುದಿಯನ್ನು ಮುಟ್ಟಲಾಗಲಿಲ್ಲ, ಅಷ್ಟು ಬಿಸಿ. ಜಗಳವಾಡಿ, ಐದು ಸಾವಿರ ಕೊಟ್ಟು ಅಲ್ಲೇ ಬಿಡಿಸಿಕೊಂಡೆವು.

ಏಕೆ ಹೀಗಾಯಿತು ಎಂಬುದನ್ನು ಮರುದಿನ ಫೋಂಡಾದ ಗ್ಯಾರೇಜಿನಲ್ಲಿ ಮಿಸ್ತ್ರಿ ಬಿಡಿಸಿ ಹೇಳಿದರು. ಅವರು ನವಲಗುಂದದ ಕಡೆಯವರು, ಹದಿನೈದು ವರ್ಷದಿಂದ ಗೋವಾದಲ್ಲಿದ್ದಾರೆ. ಗೇರ್‌ಬಾಕ್ಸ್‌ನ ಒಳಗೆ ಎಣ್ಣೆ ಎರಚುವುದು ಕೆಳಗಿನ ಶಾಫ್ಟ್. ಅದನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತು, ಗೇರ್ ನ್ಯೂಟ್ರಲ್‌ನಲ್ಲಿದ್ದು, ಹಿಂದಿನ ಚಕ್ರಗಳು ನೆಲದ ಮೇಲೆ ಉರುಳುತ್ತಿದ್ದರೆ ಆ ಚಕ್ರಗಳಿಗೆ ಜೋಡಿಸಿಕೊಂಡ ಮೇಲಿನ ಶಾಫ್ಟ್ ಮಾತ್ರ ತಿರುಗುತ್ತದೆ, ಕೆಳಗಿನದು ಸುಮ್ಮನೆ ನಿಂತಿರುತ್ತದೆ. ಮೇಲಿನ ಬೇರಿಂಗ್‌ಗಳಿಗೆ ಎಣ್ಣೆ ಮುಟ್ಟುವುದಿಲ್ಲ. ನನ್ನ ಗಾಡಿಯಲ್ಲಿ ಎಣ್ಣೆಯೇ ಸ್ವಲ್ಪ ಕಡಿಮೆ ಇತ್ತು, ಆದ್ದರಿಂದ ಪೆಟ್ಟು ಬೇಗ ಬಿತ್ತು. ಕ್ಲಚ್ ಪ್ಲೇಟ್ ಜೊತೆಗೆ ಒಂದು ಬೇರಿಂಗ್‌ನ ಖರ್ಚೂ ಸೇರಿತು.

ಜಿಪ್ಸಿ, ಥಾರ್‌ನಂತಹ ಗಾಡಿಗಳಲ್ಲಿ ಎರಡನೆಯ ಚಿಕ್ಕ ಲಿವರ್ ಇರುತ್ತದೆಯಲ್ಲ, ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನದು, ಅದರಲ್ಲೂ ಒಂದು ನ್ಯೂಟ್ರಲ್ ಇದೆ. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಸುವಾಗ ಬೇಕಾದದ್ದು ಆ ನ್ಯೂಟ್ರಲ್. ಆಗ ಚಕ್ರಗಳ ತಿರುಗಾಟ ಟ್ರಾನ್ಸ್‌ಫರ್ ಕೇಸ್‌ನಲ್ಲೇ ಮುಗಿಯುತ್ತದೆ, ಗೇರ್‌ಬಾಕ್ಸ್‌ವರೆಗೆ ಹೋಗುವುದಿಲ್ಲ. ದೊಡ್ಡ ಲಿವರ್ ಅನ್ನು, ಅಂದರೆ ಮಾಮೂಲಿ ಗೇರ್ ಲಿವರ್ ಅನ್ನು, ಗೇರಿನಲ್ಲಿಯೇ ಬಿಡಬೇಕು. ಚಿಕ್ಕ ಲಿವರ್ ನ್ಯೂಟ್ರಲ್‌ಗೆ ಸರಿಯಾಗಿ ಬಿದ್ದಿದೆಯೇ ಎಂದು ತಿಳಿಯಲು ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಕೈಯಿಂದ ತಳ್ಳಿ ನೋಡಿ. ಗೇರಿನಲ್ಲಿದ್ದೂ ಹಗುರವಾಗಿ ಉರುಳಿದರೆ ಸರಿ, ಬಿಗಿ ಹಿಡಿದರೆ ಹೊರಡಬೇಡಿ. ಅದೇ ಕಾರಣಕ್ಕೆ ಎಚ್ಚರವೂ ಬೇಕು: ಈ ಸ್ಥಿತಿಯಲ್ಲಿ ಗೇರ್ ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಲಿವರ್ ಮುಟ್ಟಿ. ಮುಂದಿನ ಚಕ್ರಗಳಿಗೆ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಕೊಂಡಿ) ಇದ್ದರೆ ಅದನ್ನೂ ಬಿಡಿಸಿ. ಮನೆಯಿಂದ ಹೊರಡುವ ಮೊದಲೇ ನಿಮ್ಮ ಗಾಡಿಯ ಕೈಪಿಡಿಯಲ್ಲಿ ಎಳೆಸುವ ಬಗೆಗಿನ ಪುಟವನ್ನು ಓದಿಕೊಳ್ಳಿ, ಮಾದರಿಯಿಂದ ಮಾದರಿಗೆ ವ್ಯತ್ಯಾಸವಿರುತ್ತದೆ. ಗುಂಡಿ ತಿರುಗಿಸಿ ಫೋರ್ ವೀಲ್ ಹಾಕುವ ಪಿಕಪ್‌ಗಳಲ್ಲಿ ಅನೇಕಕ್ಕೆ ಈ ನ್ಯೂಟ್ರಲ್ ಇಲ್ಲವೇ ಇಲ್ಲ. ಅವಕ್ಕೆ ಇಡೀ ಗಾಡಿಯನ್ನು ಮೇಲೇರಿಸಿಕೊಳ್ಳುವ ಫ್ಲಾಟ್‌ಬೆಡ್ ಲಾರಿಯೊಂದೇ ದಾರಿ.

ತಿಸ್ಕ್‌ನಿಂದ ಫೋಂಡಾದವರೆಗೆ ಭಾವನ ಬೊಲೆರೊ ಎಳೆಯಿತು. ಗ್ಯಾರೇಜಿನ ಹುಡುಗನೊಬ್ಬ ಕಬ್ಬಿಣದ ಟೋ ಬಾರ್ ತಂದುಕೊಟ್ಟ. ಹಗ್ಗವಾಗಿದ್ದರೆ ಖಾಂಡೇಪಾರ್ ಸೇತುವೆಯ ಇಳಿಜಾರಿನಲ್ಲಿ ನಾನು ಭಾವನ ಗಾಡಿಗೆ ಗುದ್ದುತ್ತಿದ್ದೆ. ಏಕೆಂದರೆ ಎಂಜಿನ್ ಆಫ್ ಆದಾಗ ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ಗೆ ಬಲವಿರುವುದಿಲ್ಲ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಕೀಲಿಯನ್ನು ತಿರುಗಿಸಿಯೇ ಇಡಿ, ಇಲ್ಲವಾದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಘಾಟಿ ಇಳಿಜಾರಿನಲ್ಲಂತೂ ಹೀಗೆ ಎಳೆಸಲೇಬೇಡಿ. ನಿಯಮವೂ ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜಿನವರೆಗೆ ಮಾತ್ರ ಎಳೆಯಲು ಬಿಡುತ್ತದೆ. ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವರು ಕೂರಬೇಕು, ನಡುವಿನ ಅಂತರ 5 ಮೀಟರ್ ಮೀರಬಾರದು, ಹಿಂದೆ 'ಆನ್ ಟೋ' ಫಲಕ ಕಾಣಬೇಕು, ವೇಗ ಗಂಟೆಗೆ 25 ಕಿಲೋಮೀಟರಿನೊಳಗಿರಬೇಕು. ನಾವು ಇಪ್ಪತ್ತರಲ್ಲಿ ಹೋದೆವು. ಹಿಂದಿನ ಲಾರಿಗಳು ಹಾರ್ನ್ ಹೊಡೆದವು. ಹೊಡೆಯಲಿ.

ಬಿಡಿಭಾಗ ಬೆಳಗಾವಿಯಿಂದ ಬರಬೇಕಿತ್ತು. ಆ ದಿನಗಳಲ್ಲಿ ನಮ್ಮನ್ನು ಸಾಕಿದ್ದು ಫೋಂಡಾ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿರುವ, ಆರೇ ಬೆಂಚುಗಳ ಒಂದು ಚಿಕ್ಕ ಹೋಟೆಲು. ಮಿಸ್ತ್ರಿಯೇ ಕರೆದುಕೊಂಡು ಹೋದರು. ಅಲ್ಲಿ ಬೆಳಗಿನ ಹೊತ್ತು ತೆಳು ರಸದ ಪಾತಳ ಭಾಜಿ, ಒಣ ಪಲ್ಯದಂತಹ ಸುಕ್ಕಿ ಭಾಜಿ, ಜೊತೆಗೆ ಆಗತಾನೇ ಬಂದ ಬಿಸಿ ಪಾವ್. ಮೂರನೆಯ ದಿನ ಅಲಸಂದೆ ತೋಣಾಕ್ ಸಿಕ್ಕಿತು. ತೆಂಗಿನಕಾಯಿಯನ್ನು ಹುರಿದು ರುಬ್ಬಿದ ಗಟ್ಟಿ ರಸ, ಕಾಳು ಒಡೆಯದಂತೆ ಬೆಂದಿತ್ತು. ಕೊಂಕಣಿಯಲ್ಲೂ ಅದು ಅಳಸಂದೆಯೇ ಎಂದು ಕೇಳಿ ನನಗೆ ಮನೆಗೆ ಬಂದಂತಾಯಿತು. ಬಡಿಸುವ ಅಕ್ಕ ಸವದತ್ತಿಯವರು. ನಮ್ಮ ಮಾತು ಕಿವಿಗೆ ಬಿದ್ದದ್ದೇ "ಯಾವ ಊರಿನವರು ಅಣ್ಣಾ?" ಎಂದು ಕೇಳಿ, ತಮಗಾಗಿ ತಂದಿದ್ದ ಶೇಂಗಾ ಚಟ್ನಿಯನ್ನು ತಟ್ಟೆಯ ಬದಿಗೆ ಹಾಕಿದರು. ಇಬ್ಬರಿಗೆ ಚಹಾ ಸೇರಿ ನೂರಿಪ್ಪತ್ತು ರೂಪಾಯಿ. ಅಲ್ಲಿ ಜಾಗ ಇಕ್ಕಟ್ಟು, ಅಪರಿಚಿತರ ಭುಜಕ್ಕೆ ಭುಜ ತಾಗಿಸಿಯೇ ತಿನ್ನಬೇಕು. ನನಗೆ ಅದು ಇಷ್ಟವಾಯಿತು, ಭಾವನಿಗೆ ಆಗಲಿಲ್ಲ. ಒಂಬತ್ತರೊಳಗೆ ಹೋಗಿ, ಆಮೇಲೆ ಪಾವ್ ಮುಗಿದಿರುತ್ತದೆ.