ಕೈಯಿಂದ ಕೈಗೆ: ಬಿಷಪ್ ಪರಂಪರೆಯ ನಕ್ಷೆ ಎಲ್ಲಿಗೆ ಬಂತು

ನಕ್ಷೆಯ ನಡುಭಾಗ ಈಗ ಒಂದು ರೂಪಕ್ಕೆ ಬಂದಿದೆ. ಹೊಸದಾಗಿ ಓದುವವರಿಗೆ ಮೊದಲು ಎರಡು ಮಾತು. ಕ್ಯಾಥೊಲಿಕ್, ಆರ್ಥೊಡಾಕ್ಸ್, ಆಂಗ್ಲಿಕನ್ ಸಭೆಗಳು (ಅಂದರೆ ಚರ್ಚ್‌ಗಳು) ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಂಡಿವೆ. ಇವತ್ತಿನ ಬಿಷಪ್‌ಗಳ ಹೊಣೆ ಯೇಸುವಿನ ಅಪೊಸ್ತಲರಿಂದ, ಅಂದರೆ ಅವನು ಆರಿಸಿ ಕಳಿಸಿದ ಶಿಷ್ಯರಿಂದ, ಸಾಲಾಗಿ ಇಳಿದು ಬಂದದ್ದು ಎನ್ನುವುದು ಆ ನಂಬಿಕೆ. ಒಬ್ಬ ಬಿಷಪ್ ಇನ್ನೊಬ್ಬರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ದೀಕ್ಷೆ ಕೊಡುತ್ತಾರೆ. ಅವರು ಮುಂದಿನವರಿಗೆ ಕೊಡುತ್ತಾರೆ. ಯಾರು ಯಾರಿಗೆ ಕೊಟ್ಟರು ಎಂಬುದನ್ನು ದಾಖಲೆ ಸಿಗುವಷ್ಟು ಹಿಂದಕ್ಕೆ ಹುಡುಕಿ, ದೊಡ್ಡ ಹಾಳೆಯ ಮೇಲೆ ಗೆರೆ ಎಳೆಯುತ್ತಾ ಹೋಗುವುದು ನನ್ನ ಹವ್ಯಾಸ.

ಎರಡು ಬಣ್ಣದ ಗೆರೆ

ಈ ಸಲ ಮಾಡಿದ ದೊಡ್ಡ ಕೆಲಸ ಇದು. ಇನ್ನು ಮುಂದೆ ನಕ್ಷೆಯಲ್ಲಿ ಕೆಂಪು ಗೆರೆ ಅಂದರೆ ಪೀಠದ ಗೆರೆ, ಅಂದರೆ ಒಂದು ಊರಿನ ಬಿಷಪ್ ಪೀಠದಲ್ಲಿ ಯಾರ ನಂತರ ಯಾರು ಕೂತರು ಎನ್ನುವುದು. ನೀಲಿ ಗೆರೆ ಅಂದರೆ ಕೈಯ ಗೆರೆ, ಯಾರ ಕೈ ಯಾರ ತಲೆಯ ಮೇಲೆ ಬಿತ್ತು ಎನ್ನುವುದು. ಇವೆರಡೂ ಒಂದೇ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ ಸಾಮಾನ್ಯವಾಗಿ ಹಿಂದಿನ ಬಿಷಪ್ ತೀರಿಕೊಂಡ ಮೇಲೇ ಹೊಸಬರು ಬರುವುದು, ಅಲ್ವಾ? ಹಾಗಾಗಿ ದೀಕ್ಷೆ ಕೊಡುವವರು ಬೇರೆ ಊರಿನ ಬಿಷಪ್‌ಗಳೇ ಆಗಿರುತ್ತಾರೆ. ಕೆಂಪು ಗೆರೆ ನೆಟ್ಟಗೆ ಕೆಳಗಿಳಿಯುತ್ತದೆ. ನೀಲಿ ಗೆರೆ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಅಡ್ಡಡ್ಡ ಓಡುತ್ತದೆ.

ಈ ಸಿದ್ಧಾಂತದ ಹಳೆಯ ಬರಹಗಳಲ್ಲಿ ಇರುವುದೆಲ್ಲ ಜಾಸ್ತಿ ಕೆಂಪು ಗೆರೆಯೇ. ಸುಮಾರು 180ರಲ್ಲಿ ಲಿಯೋನ್‌ನ ಬಿಷಪ್ ಐರೇನಿಯಸ್ ರೋಮಿನ ಬಿಷಪ್‌ಗಳ ಪಟ್ಟಿ ಕೊಟ್ಟರು. ಲೀನಸ್, ಅನಕ್ಲೀಟಸ್, ಕ್ಲೆಮೆಂಟ್ ಎಂದು ಶುರುವಾಗಿ ತಮ್ಮ ಕಾಲದ ಎಲುಥೀರಿಯಸ್‌ವರೆಗೆ ಒಟ್ಟು 12 ಹೆಸರು. ಯೇಸು ಕೆಲವರಿಗೆ ಮಾತ್ರ ಗುಟ್ಟಾಗಿ ಬೇರೆ ಜ್ಞಾನ ಹೇಳಿದ್ದ ಎಂದು ಜ್ಞಾಸ್ಟಿಕ್ ಗುರುಗಳು ಆಗ ಬೋಧಿಸುತ್ತಿದ್ದರು. ಹಾಗೊಂದು ಗುಟ್ಟು ಇದ್ದಿದ್ದರೆ ಅಪೊಸ್ತಲರು ಅದನ್ನು ತಾವು ಸಭೆ ಒಪ್ಪಿಸಿದವರಿಗೇ ಹೇಳುತ್ತಿರಲಿಲ್ಲವೇ ಎಂಬುದು ಐರೇನಿಯಸ್ ಅವರ ವಾದ. ಅವರಿಗೆ ಬೇಕಿದ್ದದ್ದು ಬೋಧನೆಯ ಸಾಲು. ಎಲ್ಲರ ಕಣ್ಣೆದುರು, ಒಂದೇ ಪೀಠದಿಂದ, ಒಂದೇ ಮಾತು ಕೇಳಿಬರುತ್ತಿದೆ ಎಂದು ತೋರಿಸಬೇಕಿತ್ತು. ತಾವು ಹುಡುಗನಾಗಿದ್ದಾಗ ಸ್ಮುರ್ನದ ಬಿಷಪ್ ಪಾಲಿಕಾರ್ಪ್ ಅವರನ್ನು ಕಂಡದ್ದನ್ನೂ, ಪಾಲಿಕಾರ್ಪ್ ಅಪೊಸ್ತಲರಿಂದಲೇ ಕಲಿತದ್ದನ್ನೂ ಅವರು ಹೇಳಿಕೊಳ್ಳುತ್ತಾರೆ. ನನಗೆ ಆ ಭಾಗ ತುಂಬಾ ಇಷ್ಟ. ಅಪೊಸ್ತಲರಿಗೂ ಅವರಿಗೂ ನಡುವೆ ಒಬ್ಬರೇ ಇದ್ದಾರೆ.

ಆ ಮೇಲಿನ ಮೂಲೆಯಲ್ಲಿ ಪೆನ್ಸಿಲ್ ಗೆರೆಯನ್ನು ಹಾಗೇ ಬಿಟ್ಟಿದ್ದೇನೆ. ಕಾರಣ ಇದೆ. ಐರೇನಿಯಸ್ ಪಟ್ಟಿಯಲ್ಲಿ ಕ್ಲೆಮೆಂಟ್ ಮೂರನೆಯವರು. ಸುಮಾರು 200ರಲ್ಲಿ ಬರೆದ ಟೆರ್ಟುಲಿಯನ್, ಕ್ಲೆಮೆಂಟ್‌ಗೆ ಅಪೊಸ್ತಲ ಪೇತ್ರನೇ ದೀಕ್ಷೆ ಕೊಟ್ಟ ಎನ್ನುತ್ತಾರೆ. ಕೊರಿಂಥ ಸಭೆಗೆ ಬರೆದ, ಕ್ಲೆಮೆಂಟ್ ಹೆಸರಿನಲ್ಲೇ ಉಳಿದು ಬಂದ ಪತ್ರ ಸುಮಾರು 96ರದ್ದು. ಅಪೊಸ್ತಲರು ಮುಂದೆ ಜಗಳ ಬರುತ್ತದೆ ಎಂದು ತಿಳಿದು, ತಾವು ನೇಮಿಸಿದವರ ನಂತರ ಬೇರೆ ಯೋಗ್ಯರು ಆ ಕೆಲಸ ವಹಿಸಿಕೊಳ್ಳುವಂತೆ ಏರ್ಪಾಡು ಮಾಡಿದರು ಎಂದು ಅದರಲ್ಲಿದೆ. ಆದರೆ ರೋಮಿಗೆ ಒಬ್ಬನೇ ಬಿಷಪ್ ಇದ್ದ ಸುಳಿವು ಆ ಪತ್ರದಲ್ಲಿಲ್ಲ. ಎರಡನೆಯ ಶತಮಾನದ ನಡುವಿನವರೆಗೆ ರೋಮಿನ ಸಭೆಯನ್ನು ಹಿರಿಯರ ಗುಂಪು ನಡೆಸುತ್ತಿತ್ತು ಎಂದು ಅನೇಕ ಇತಿಹಾಸಕಾರರು ನಂಬುತ್ತಾರೆ. ಅಲ್ಲಿ ದಪ್ಪ ಶಾಯಿಯಲ್ಲಿ ಗೆರೆ ಎಳೆಯಲು ನನಗೆ ಮನಸ್ಸಿಲ್ಲ.

ರೆಬೀಬಾ ಎಂಬ ಗೋಡೆ

ನೀಲಿ ಗೆರೆಗಳನ್ನು ಇವತ್ತಿನಿಂದ ಹಿಂದಕ್ಕೆ ಹಿಡಿದು ಹೋಗುತ್ತಿದ್ದೇನೆ. ಯಾವ ದೇಶದ ಕ್ಯಾಥೊಲಿಕ್ ಬಿಷಪ್‌ನಿಂದ ಶುರು ಮಾಡಿದರೂ ಗೆರೆ ಬಹುತೇಕ ಒಬ್ಬರ ಹತ್ತಿರವೇ ಬಂದು ಸೇರುತ್ತದೆ. ಅವರು ಇಟಲಿಯ ಕಾರ್ಡಿನಲ್ ಶಿಪಿಯೋನೆ ರೆಬೀಬಾ, 1504ರಿಂದ 1577. ಇವತ್ತಿನ ಕ್ಯಾಥೊಲಿಕ್ ಬಿಷಪ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಈ ಸಾಲಿನವರು. ಇದಕ್ಕೆ ಮುಖ್ಯ ಕಾರಣ 1724ರಿಂದ 1730ರವರೆಗೆ ಪೋಪ್ ಆಗಿದ್ದ 13ನೇ ಬೆನೆಡಿಕ್ಟ್. ಅವರೊಬ್ಬರೇ ನೂರಕ್ಕೂ ಹೆಚ್ಚು ಬಿಷಪ್‌ಗಳಿಗೆ ದೀಕ್ಷೆ ಕೊಟ್ಟರು. ಅವರಲ್ಲಿ ಅನೇಕರು ದೊಡ್ಡ ಹುದ್ದೆಗಳಿಗೆ ಹೋಗಿ ತಾವೂ ದೀಕ್ಷೆ ಕೊಡುತ್ತಾ ಹೋದರು. ಉಳಿದ ಸಾಲುಗಳು ಒಂದೊಂದಾಗಿ ಸವೆದುಹೋದವು.

ರೆಬೀಬಾ 1541ರಲ್ಲಿ ಬಿಷಪ್ ಆದರು. ಅವರಿಗೆ ದೀಕ್ಷೆ ಕೊಟ್ಟವರು ಯಾರು? ದಾಖಲೆ ಸಿಕ್ಕಿಲ್ಲ. ಅವರು ಸಹಾಯಕರಾಗಿದ್ದ ಕಿಯೇತಿಯ ಆರ್ಚ್‌ಬಿಷಪ್ ಜಾನ್ ಪಿಯೆತ್ರೋ ಕರಾಫಾ, ಮುಂದೆ 4ನೇ ಪೌಲ್ ಎಂಬ ಪೋಪ್ ಆದವರು, ಕೊಟ್ಟಿರಬಹುದು ಎಂಬುದು ಊಹೆ. ಅಲ್ಲಿ ಚುಕ್ಕೆ ಗೆರೆ ಹಾಕಿದ್ದೇನೆ.

ದಾಖಲೆ ಇಲ್ಲ ಅಂದರೆ ದೀಕ್ಷೆಯೇ ಆಗಿಲ್ಲ ಎಂದಲ್ಲ. ದೀಕ್ಷೆ ಇಲ್ಲದವರನ್ನು ಆ ಕಾಲದ ಸಭೆ ಬಿಷಪ್ ಎಂದು ಒಪ್ಪುತ್ತಿರಲಿಲ್ಲ. ಆದರೂ ಕಾಗದದ ಸಾಕ್ಷಿಗೂ ನಂಬಿಕೆಯ ಸಾಕ್ಷಿಗೂ ಇರುವ ಅಂತರ ಆ ಚುಕ್ಕೆಗಳಲ್ಲಿ ಕಾಣಬೇಕು ಎಂಬುದು ನನ್ನ ಆಸೆ. ಪ್ರತಿಯೊಂದು ಹೆಸರಿಗೂ ಪೇತ್ರನವರೆಗೆ ಮುರಿಯದ ಸಾಲು ತೋರಿಸುವ ಸುಂದರ ಚಿತ್ರಪಟಗಳಿವೆ. ಅವು ನೀಲಿ ಗೆರೆ ಸಿಗದ ಕಡೆ ಸುಮ್ನೆ ಕೆಂಪು ಗೆರೆಯನ್ನು ಜೋಡಿಸಿಕೊಂಡಿರುತ್ತವೆ. ಇದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಯೆತಾನಿ ಹತ್ತಿರ ಕವಲು

ಈ ತನಕದ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಜಾಗ ಇದು. ರೆಬೀಬಾ ನಂತರ ಸಾಂತೋರಿ, ಬೆರ್ನೇರಿಯೋ, ಸಾನ್‌ವಿತಾಲೆ, ಲುದೊವಿಸಿ, ನಂತರ ಲುಯಿಜಿ ಕಯೆತಾನಿ. ಕಯೆತಾನಿ 1630ರಲ್ಲಿ ಉಲ್ದೆರಿಕೊ ಕಾರ್ಪೆನ್ಯಾ ಅವರಿಗೆ ದೀಕ್ಷೆ ಕೊಟ್ಟರು. ಅಲ್ಲಿಂದ ಪಲುತ್ಸೋ ಅಲ್ತಿಯೇರಿ, ಅವರಿಂದ 1675ರಲ್ಲಿ ಮುಂದಿನ 13ನೇ ಬೆನೆಡಿಕ್ಟ್. ಇದು ಒಂದು ಕವಲು.

ಇದೇ ಕಯೆತಾನಿ ಜೊವಾನ್ನಿ ಬತ್ತಿಸ್ತಾ ಸ್ಕನರೋಲಿ ಅವರಿಗೂ ದೀಕ್ಷೆ ಕೊಟ್ಟಿದ್ದರು. ಸ್ಕನರೋಲಿಯಿಂದ ಅಂತೋನಿಯೋ ಬಾರ್ಬೆರೀನಿ, ಅಲ್ಲಿಂದ ಫ್ರಾನ್ಸಿನ ಲ ತೆಲ್ಯೆ, ಬೊಸ್ಸುವೆ, ಮತಿನ್ಯೋ, ಕೊನೆಗೆ ದೊಮಿನಿಕ್ ವಾರ್ಲೆ. ಈ ವಾರ್ಲೆ 1724ರಲ್ಲಿ ರೋಮಿನ ಅನುಮತಿ ಇಲ್ಲದೆ, ತಾವೊಬ್ಬರೇ ನಿಂತು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಉಟ್ರೆಕ್ಟ್‌ನ ಆರ್ಚ್‌ಬಿಷಪ್ ಸ್ಟೇನೋವನ್ ಅವರಿಗೆ ದೀಕ್ಷೆ ಕೊಟ್ಟರು. ರೋಮಿನಿಂದ ಬೇರೆಯಾಗಿ ನಡೆಯುವ ಇವತ್ತಿನ ಓಲ್ಡ್ ಕ್ಯಾಥೊಲಿಕ್ ಸಭೆಗಳ ಸಾಲು ಅಲ್ಲಿಂದ ಬಂದದ್ದು. ಅದನ್ನು ಖಂಡಿಸಿದ ಪೋಪ್ ಯಾರು ಗೊತ್ತೇ? ಅದೇ 13ನೇ ಬೆನೆಡಿಕ್ಟ್. ಬೇರೆಯಾದ ಎರಡೂ ಕಡೆಯವರು ಒಂದೇ ಕೈಯ ಕೆಳಗಿನವರು. ಇದು ಹಾಳೆಯ ಮೇಲೆ ಕಂಡಾಗ ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಮೂವರ ನಿಯಮ

325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪ್‌ಗಳ ಮಹಾಸಮ್ಮೇಳನದ ನಾಲ್ಕನೆಯ ನಿಯಮದ ಪ್ರಕಾರ, ಹೊಸ ಬಿಷಪ್‌ನನ್ನು ನೇಮಿಸಲು ಪ್ರಾಂತದ ಬಿಷಪ್‌ಗಳೆಲ್ಲ ಸೇರಬೇಕು. ಆಗದಿದ್ದರೆ ಮೂವರಾದರೂ ಇರಬೇಕು, ಉಳಿದವರು ಒಪ್ಪಿಗೆ ಬರೆದು ಕಳಿಸಬೇಕು. ಹೀಗಾಗಿ ಪ್ರತಿ ಹೆಸರಿಗೂ ಮೂರು ನೀಲಿ ಗೆರೆ ಹಾಕಲು ಶುರು ಮಾಡಿದ್ದೇನೆ. ಜೊತೆಗಿರುವ ಇಬ್ಬರು ಬರೀ ಸಾಕ್ಷಿಗಳಲ್ಲ, ಅವರೂ ದೀಕ್ಷೆ ಕೊಡುವವರೇ ಎಂದು ಪೋಪ್ 12ನೇ ಪಯಸ್ 1944ರಲ್ಲಿ ಸ್ಪಷ್ಟಪಡಿಸಿದರು. ಮೂರು ಗೆರೆ ಹಾಕಿದ ಕೂಡಲೇ ಸರಪಳಿ ಹೋಗಿ ಬಲೆ ಆಗುತ್ತದೆ. ಒಂದು ಕಣ್ಣು ಹರಿದರೂ ಉಳಿದವು ಹಿಡಿದಿರುತ್ತವೆ. ಒಬ್ಬ ಬಿಷಪ್ ಇಡೀ ಬಿಷಪ್ ಬಳಗದೊಳಕ್ಕೆ ಸೇರುತ್ತಾನೆ ಎಂಬ ಅರ್ಥ ನನಗೆ ಈಗ ಸಿದ್ಧಾಂತದ ಹೃದಯ ಅನ್ನಿಸುತ್ತಿದೆ.

ಆಂಗ್ಲಿಕನ್ ಭಾಗಕ್ಕೂ ಇದರಿಂದ ಕೆಲಸ ಬಂತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಮ್ಯಾಥ್ಯೂ ಪಾರ್ಕರ್ ಅವರಿಗೆ 1559ರ ಡಿಸೆಂಬರ್ 17ರಂದು ಲ್ಯಾಂಬೆತ್ ಅರಮನೆಯ ಚಾಪೆಲ್‌ನಲ್ಲಿ ಬಾರ್ಲೋ, ಸ್ಕೋರಿ, ಕವರ್‌ಡೇಲ್, ಹಾಡ್ಜ್‌ಕಿನ್ಸ್ ಎಂಬ ನಾಲ್ವರು ದೀಕ್ಷೆ ಕೊಟ್ಟರು. ಪೋಪ್ 13ನೇ ಲಿಯೋ 1896ರಲ್ಲಿ ಆಂಗ್ಲಿಕನ್ ದೀಕ್ಷೆಗಳು ಪೂರ್ತಿ ಶೂನ್ಯ ಎಂದರು. ತಕರಾರು ಇದ್ದದ್ದು ದೀಕ್ಷೆಯ ವಿಧಿಯ ಮಾತುಗಳ ಮೇಲೆ, ಅದರ ಹಿಂದಿನ ಉದ್ದೇಶದ ಮೇಲೆ. ಆಂಗ್ಲಿಕನ್ ಮತ್ತು ಓಲ್ಡ್ ಕ್ಯಾಥೊಲಿಕ್ ಸಭೆಗಳು ಒಂದನ್ನೊಂದು ಒಪ್ಪಿಕೊಂಡ 1931ರ ಬಾನ್ ಒಪ್ಪಂದದ ನಂತರ ಓಲ್ಡ್ ಕ್ಯಾಥೊಲಿಕ್ ಬಿಷಪ್‌ಗಳು ಆಂಗ್ಲಿಕನ್ ದೀಕ್ಷೆಗಳಲ್ಲಿ ಕೈಜೋಡಿಸಿದರು. ಅಂದರೆ ಕಯೆತಾನಿಯ ಗೆರೆ ಆ ಹಾಳೆಗೂ ಹರಿಯಿತು.

ಗೆರೆಗೆ ಸಿಗದವರು

ಡೆನ್ಮಾರ್ಕ್‌ನಲ್ಲಿ 1537ರಲ್ಲಿ ಏಳು ಮಂದಿಗೆ ದೀಕ್ಷೆ ಕೊಟ್ಟವರು ಜರ್ಮನಿಯ ಲೂಥರನ್ ಸುಧಾರಕ ಬುಗೆನ್‌ಹಾಗೆನ್. ಅವರು ಬಿಷಪ್ ಅಲ್ಲ, ಪಾದ್ರಿ. ನೀಲಿ ಗೆರೆ ಅಲ್ಲಿ ನಿಲ್ಲುತ್ತದೆ. ಪೀಠಗಳು ಮಾತ್ರ ಮುಂದುವರಿದವು. 1947ರಲ್ಲಿ ಶುರುವಾದ ದಕ್ಷಿಣ ಭಾರತ ಸಭೆ ಇನ್ನೊಂದು ದಾರಿ ಹಿಡಿಯಿತು. ಬಿಷಪ್ ಪರಂಪರೆಯನ್ನು ಒಪ್ಪಿಕೊಂಡಿತು, ಆದರೆ ಅದಕ್ಕೆ ಇಂಥದ್ದೇ ಅರ್ಥ ಎಂದು ಯಾರ ಮೇಲೂ ಹೇರಲಿಲ್ಲ. ಬಿಷಪ್ ಇಲ್ಲದ ಸಭೆಗಳಿಂದ ಬಂದ ಪಾದ್ರಿಗಳಿಗೆ ಮತ್ತೆ ದೀಕ್ಷೆ ಕೇಳಲಿಲ್ಲ. ಮುಂದಿನ ದೀಕ್ಷೆಗಳೆಲ್ಲ ಬಿಷಪ್‌ಗಳಿಂದಲೇ ಆಗಲಿ ಎಂದಿತು. ಇದನ್ನು ಹೇಗೆ ಬಿಡಿಸುವುದು ಎಂದು ಯೋಚಿಸಿ, ಬಿಳಿ ಹಾಳೆಯಲ್ಲಿ ಬೇರೆ ಬೇರೆ ಕಡೆಯಿಂದ ಗೆರೆಗಳು ಬಂದು ಒಂದೇ ನೀಲಿಯಾಗುವಂತೆ ಮಾಡಿದ್ದೇನೆ. ನಕ್ಷೆಯ ಅತ್ಯಂತ ಧೈರ್ಯದ ಭಾಗ ಅದು ಎನ್ನುತ್ತೇನೆ.

ಮುಂದಿನ ಕೆಲಸ ಸ್ವೀಡನ್. 1524ರಲ್ಲಿ ರೋಮಿನಲ್ಲಿ ದೀಕ್ಷೆ ಪಡೆದ ಪೇತ್ರುಸ್ ಮಾಗ್ನಿ 1531ರಲ್ಲಿ ಲಾರೆಂಟಿಯುಸ್ ಪೇತ್ರಿ ಅವರಿಗೆ ಕೊಟ್ಟ ದೀಕ್ಷೆಯಿಂದ ಲೂಥರನ್ ಸಾಲು ಶುರುವಾಗುತ್ತದೆ. ಆಮೇಲೆ ಆರ್ಥೊಡಾಕ್ಸ್ ಸಭೆಗಳಿಗೆ ಬೇರೆಯದೇ ಹಾಳೆ. ಸಭೆಯ ನಂಬಿಕೆಯಿಂದ ಹೊರಗೆ ಹೋದವರ ಕೈಯ ಗೆರೆಯನ್ನು ಅವರು ಅಷ್ಟಕ್ಕೇ ಪರಂಪರೆ ಎಂದು ಒಪ್ಪುವುದಿಲ್ಲ. ಆದ್ದರಿಂದ ಅಲ್ಲಿ ಕೆಂಪು ಮತ್ತು ನೀಲಿಯನ್ನು ಬಿಡಿಸದೆ ಒಟ್ಟಿಗೇ ಎಳೆಯಬೇಕು. ಅದಕ್ಕೆ ಮೊದಲು ಅಂತಿಯೋಕ್ಯ ಪೀಠದ ಬಿಷಪ್‌ಗಳ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಹಾಕುತ್ತಿದ್ದೇನೆ.