ಹುಬ್ಬಳ್ಳಿಯ ರೊಟ್ಟಿಗೆ ಬೆಂಗಳೂರಿನಲ್ಲೊಂದು ಗೋದಾಮು

ಆನ್‌ಲೈನ್‌ನಲ್ಲಿ ಸಣ್ಣ ಪ್ರಮಾಣದ ವ್ಯಾಪಾರ ಮಾಡುವವರು ಬೇಗ ತಲುಪಿಸುವ ಮಾತು ಬಂದಾಗಲೆಲ್ಲ ಯಾವ ಕೊರಿಯರ್ ಚುರುಕಾಗಿದೆ ಎಂದು ವಿಚಾರಿಸುತ್ತಾರೆ. ಹುಬ್ಬಳ್ಳಿಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾರುವ ನಾನು ಈಗ ಅದಕ್ಕಿಂತ ಮೊದಲು ಕೇಳಿಕೊಳ್ಳುವುದು, ಆರ್ಡರ್ ಬರುವ ಹೊತ್ತಿಗೆ ಸರಕು ಎಲ್ಲಿರುತ್ತದೆ ಎಂಬುದನ್ನು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಾನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರವಿದೆ. ರಾತ್ರಿ ಹೊರಟ ಲಾರಿ ಬೆಳಗಾಗುವಷ್ಟರಲ್ಲಿ ಊರು ಮುಟ್ಟುತ್ತದೆ. ಆದರೂ ಜಯನಗರದ ಒಬ್ಬ ಗ್ರಾಹಕರಿಗೆ ಕಳಿಸಿದ ಪಾರ್ಸೆಲ್ ತಲುಪಲು ಮೂರು ನಾಲ್ಕು ದಿನ ಬೇಕಾಗುತ್ತದೆ. ಸಂಜೆ ಬಂದು ಒಯ್ದ ಪೆಟ್ಟಿಗೆ ಮೊದಲು ಇಲ್ಲಿನ ಶಾಖೆಯಲ್ಲಿ ಲಾರಿ ತುಂಬುವವರೆಗೆ ಕಾಯುತ್ತದೆ. ಬೆಂಗಳೂರಿನ ಹೊರವಲಯಕ್ಕೆ ಹೋದ ಮೇಲೆ ಪಿನ್‌ಕೋಡ್ ಪ್ರಕಾರ ವಿಂಗಡಣೆಯಾಗುವವರೆಗೆ ಕಾಯುತ್ತದೆ. ಬಡಾವಣೆಯ ಶಾಖೆಗೆ ಮಧ್ಯಾಹ್ನ ತಲುಪಿದರೆ ಅಂದಿನ ಹುಡುಗರು ಆಗಲೇ ಹೊರಟಿರುವುದರಿಂದ ಮರುದಿನದ ಸರದಿಗೆ ಕಾಯುತ್ತದೆ. ರಸ್ತೆಯ ಮೇಲೆ ಕಳೆಯುವುದು ಏಳೆಂಟು ಗಂಟೆ, ಉಳಿದದ್ದೆಲ್ಲ ಬರೀ ಕಾಯುವಿಕೆ. ಈ ಕಾಯುವಿಕೆ ಆರ್ಡರ್ ಬರುವ ಮೊದಲೇ ಮುಗಿದಿದ್ದರೆ ಗ್ರಾಹಕರ ಲೆಕ್ಕಕ್ಕೆ ಅದು ಸೇರುವುದೇ ಇಲ್ಲ.

ರೊಟ್ಟಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇಪ್ಪತ್ತೈದು ರೊಟ್ಟಿಗಳ ತೂಕ ಹೆಚ್ಚೆಂದರೆ ಮುಕ್ಕಾಲು ಕೆ.ಜಿ.; ಆದರೆ ಅವು ಮುರಿಯದಂತೆ ಸುತ್ತಲೂ ಕಾಗದ ತುರುಕಿ ಇಡಲು 30 ಸೆಂ.ಮೀ. ಉದ್ದ, ಅಷ್ಟೇ ಅಗಲ, 12 ಸೆಂ.ಮೀ. ಎತ್ತರದ ಪೆಟ್ಟಿಗೆ ಬೇಕು. ಕೊರಿಯರ್‌ನವರು ಸಾಮಾನ್ಯವಾಗಿ ಪೆಟ್ಟಿಗೆ ಹಿಡಿಯುವ ಜಾಗವನ್ನು ತೂಕಕ್ಕೆ ತಿರುಗಿಸಲು ಈ ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ; ನಿಜವಾದ ತೂಕಕ್ಕಿಂತ ಅದು ಹೆಚ್ಚಿದ್ದರೆ ದರ ಅದಕ್ಕೇ. ಬರುವುದು 2.16 ಕೆ.ಜಿ.; ಅರ್ಧ ಕೆ.ಜಿ. ಹಂತಗಳಲ್ಲಿ ದರ ಏರುವುದರಿಂದ ಎರಡೂವರೆ ಕೆ.ಜಿ.ಯ ಬಾಡಿಗೆ ಕಟ್ಟಬೇಕಾಗುತ್ತದೆ. ಅಂದರೆ ನಾವು ದುಡ್ಡು ಕೊಟ್ಟು ಸಾಗಿಸುವುದು ಬಹುಪಾಲು ಗಾಳಿಯನ್ನೇ. ಅದೇ ರೊಟ್ಟಿಯನ್ನು ದೊಡ್ಡ ರಟ್ಟಿನ ಪೆಟ್ಟಿಗೆಗಳಲ್ಲಿ ಒತ್ತಾಗಿ ಜೋಡಿಸಿ ಲಾರಿ ಪಾರ್ಸೆಲ್‌ನಲ್ಲಿಯೋ, 2021ರಲ್ಲಿ ಸಾರಿಗೆ ನಿಗಮಗಳು ಆರಂಭಿಸಿದ ‘ನಮ್ಮ ಕಾರ್ಗೋ’ ಮೂಲಕ ಬಸ್ಸಿನಲ್ಲಿಯೋ ಒಟ್ಟಿಗೆ ಕಳಿಸಿದರೆ ಒಂದು ಪೊಟ್ಟಣಕ್ಕೆ ಬೀಳುವ ಖರ್ಚು ಬಹಳ ಇಳಿಯುತ್ತದೆ. ಆಮೇಲೆ ಊರೊಳಗಿನ ಸಾಗಣೆಗೆ ಮಾತ್ರ ಸಣ್ಣ ಪೆಟ್ಟಿಗೆಯ ದರ ಕೊಟ್ಟರೆ ಸಾಕು, ಅದೂ ಹತ್ತಿರದ ವಲಯದ ದರ.

ಗೋದಾಮು ಎಂದೊಡನೆ ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆಗಳಲ್ಲಿ ಎಕರೆಗಟ್ಟಲೆ ಹರಡಿರುವ ಶೆಡ್ಡುಗಳು ನೆನಪಿಗೆ ಬರುತ್ತವೆ. ನಮ್ಮಂಥವರಿಗೆ ಅವು ಬೇಕಿಲ್ಲ. ಅಷ್ಟು ಸಣ್ಣ ಗಿರಾಕಿಗಳು ಅವರಿಗೂ ಬೇಕಿಲ್ಲ. ರಾಜಾಜಿನಗರದ ಕಡೆ ಒಂದು ಮನೆಯ ನೆಲಮಹಡಿಯಲ್ಲಿ, ನನ್ನಂಥ ಕೆಲವು ಮಾರಾಟಗಾರರ ಸರಕನ್ನು ಇಟ್ಟುಕೊಂಡು, ಆರ್ಡರ್ ಬಂದಂತೆ ಪ್ಯಾಕ್ ಮಾಡಿ ಕಳಿಸುವ ಒಬ್ಬರಿದ್ದಾರೆ. ಕಬ್ಬಿಣದ ರ‍್ಯಾಕಿನಲ್ಲಿ ಒಂದೊಂದು ಅಂಕಣಕ್ಕೆ ತಿಂಗಳ ಬಾಡಿಗೆ, ಪ್ರತಿ ಆರ್ಡರಿಗೆ ಇಷ್ಟೆಂದು ಪ್ಯಾಕಿಂಗ್ ಕೂಲಿ. ಬೆಳಿಗ್ಗೆ ಹನ್ನೊಂದರೊಳಗೆ ಬಂದ ಆರ್ಡರ್ ಅಂದೇ ಹೊರಡುತ್ತದೆ. ನಗರದೊಳಗಿನ ಬಹುತೇಕ ವಿಳಾಸಗಳಿಗೆ ಮರುದಿನ ಸಂಜೆಯೊಳಗೆ ಸೇರುತ್ತದೆ.

ಎಲ್ಲ ಸರಕನ್ನೂ ಅಲ್ಲಿಡಬೇಕೆಂಬ ಆಸೆ ಹುಟ್ಟುವುದು ಸಹಜ, ಆದರೆ ಅದನ್ನು ಅದುಮಿಡಬೇಕು. ಅಂಕಣದ ಬಾಡಿಗೆ ಸರಕು ಮಾರಿದರೂ ಬೀಳುತ್ತದೆ, ಮಾರದಿದ್ದರೂ ಬೀಳುತ್ತದೆ. ದಿನವೂ ಕದಲುವ ರೊಟ್ಟಿ, ಶೇಂಗಾ ಚಟ್ನಿ, ಮೆಣಸಿನಕಾಯಿ ಪುಡಿ ಬೆಂಗಳೂರಿನಲ್ಲಿರುತ್ತವೆ. ಅಪರೂಪಕ್ಕೆ ಕೇಳುವ ಮೆಂತ್ಯ ಹಿಟ್ಟು, ಅಗಸಿ ಚಟ್ನಿ ಹುಬ್ಬಳ್ಳಿಯಲ್ಲೇ ಉಳಿಯುತ್ತವೆ. ಒಬ್ಬರೇ ಎರಡೂ ಬಗೆಯ ಪದಾರ್ಥ ಕೇಳಿದಾಗ ಎರಡು ಪಾರ್ಸೆಲ್ ಮಾಡುವ ಬದಲು, ಪೂರ್ತಿ ಆರ್ಡರನ್ನು ಹುಬ್ಬಳ್ಳಿಯಿಂದಲೇ ಕಳಿಸುತ್ತೇನೆ ಮತ್ತು ತಡವಾಗುವುದನ್ನು ಮೊದಲೇ ತಿಳಿಸುತ್ತೇನೆ. ಹೀಗೆ ತಿಳಿಸಿದ್ದಕ್ಕೆ ಬೇಸರಪಟ್ಟವರು ವಿರಳ.

ಎಷ್ಟು ಇಡಬೇಕೆಂಬುದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಪದಾರ್ಥ ದಿನಕ್ಕೆ ಎಂಟು ಪೊಟ್ಟಣ ಹೋಗುತ್ತದೆ, ಹೊಸ ಸರಕು ತಯಾರಾಗಿ ತಲುಪಲು ನಾಲ್ಕು ದಿನ ಬೇಕು ಎಂದಿಟ್ಟುಕೊಂಡರೆ ಮೂವತ್ತೆರಡು ಪೊಟ್ಟಣ. ಅದರ ಮೇಲೆ ಮಳೆ, ಮುಷ್ಕರ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಮನೆಯ ಮದುವೆ ಇವಕ್ಕೆಲ್ಲ ಸೇರಿಸಿ ಇನ್ನೊಂದು ಹದಿನೈದು. ದಾಸ್ತಾನು ಒಟ್ಟು ನಲವತ್ತೇಳಕ್ಕೆ ಇಳಿದ ದಿನವೇ ಮುಂದಿನ ಲೋಡ್ ಸಿದ್ಧವಾಗಲು ಶುರುವಾಗಬೇಕು. ಎಳ್ಳಮವಾಸ್ಯೆಯಿಂದ ಸಂಕ್ರಾಂತಿಯವರೆಗೆ ಈ ಲೆಕ್ಕ ನಡೆಯುವುದಿಲ್ಲ; ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಆಗ ಬರುವ ಬೇಡಿಕೆಯೇ ಬೇರೆ.

ತಿನ್ನುವ ಪದಾರ್ಥಕ್ಕೆ ದಾಸ್ತಾನು ಹೆಚ್ಚಾದರೂ ಕಷ್ಟ. ಗ್ರಾಹಕರ ಕೈಸೇರುವಾಗ ಬಾಳಿಕೆ ಅವಧಿಯ ಶೇ 30ರಷ್ಟು ಅಥವಾ 45 ದಿನ ಉಳಿದಿರಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2024ರ ನವೆಂಬರಿನಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಹೇಳಿದೆ. ಮೂರು ತಿಂಗಳ ಬಾಳಿಕೆಯ ಚಟ್ನಿಗೆ ಶೇ 30 ಎಂದರೆ 27 ದಿನ. ಆದ್ದರಿಂದ ಕೊನೆಯ ತಿಂಗಳನ್ನು ಮಾರಾಟದ ಲೆಕ್ಕದಿಂದ ಬಿಟ್ಟೇಬಿಡುವುದು ಲೇಸು. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮೊದಲು ಹೊರಡಬೇಕು ಎಂಬುದನ್ನು ಗೋದಾಮಿನವರ ನೆನಪಿಗೆ ಬಿಡದೆ, ಪೆಟ್ಟಿಗೆಯ ಮುಖದ ಮೇಲೆ ದಪ್ಪ ಮಾರ್ಕರಿನಲ್ಲಿ ತಾರೀಕು ಬರೆದು ಕಳಿಸುತ್ತೇನೆ.

ಕಾಗದಪತ್ರದ ಕೆಲಸ ಅಂದುಕೊಂಡಷ್ಟು ಕಠಿಣವಲ್ಲ. ರಾಜ್ಯದೊಳಗಿನ ಗೋದಾಮನ್ನು ಈಗಿರುವ ಜಿಎಸ್‌ಟಿ ನೋಂದಣಿಗೇ ಹೆಚ್ಚುವರಿ ವ್ಯವಹಾರ ಸ್ಥಳವೆಂದು ಸೇರಿಸಿದರಾಯಿತು. ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಪತ್ರ, ವಿದ್ಯುತ್ ಬಿಲ್ ಇದ್ದರೆ ಸಾಕಾಗುತ್ತದೆ. ಒಂದೇ ನೋಂದಣಿಯಡಿ ಇಲ್ಲಿಂದ ಅಲ್ಲಿಗೆ ಸರಕು ಸಾಗಿಸಲು ತೆರಿಗೆಯಿಲ್ಲ, ಡೆಲಿವರಿ ಚಲನ್ ಜೊತೆಗಿರಬೇಕು, ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಬೇಕು. ಆಹಾರ ಪದಾರ್ಥವಾದರೆ ಸಂಗ್ರಹಿಸುವ ಜಾಗಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಇರಬೇಕು. ಹೊರರಾಜ್ಯದ ಮಾತು ಬೇರೆ: ಪುಣೆಯಲ್ಲಿ ಸರಕು ಇಡಬೇಕೆಂದರೆ ಮಹಾರಾಷ್ಟ್ರದ ಪ್ರತ್ಯೇಕ ನೋಂದಣಿ, ನಮ್ಮಿಂದ ನಮಗೇ ಹೋಗುವ, ತೆರಿಗೆ ಬೀಳುವ ಸರಕಿಗೂ ರಾಜ್ಯದಿಂದ ರಾಜ್ಯಕ್ಕೆ ಸಾಗುವಾಗಿನ ತೆರಿಗೆಯಾದ ಐಜಿಎಸ್‌ಟಿ. ಪುಣೆ ಹುಬ್ಬಳ್ಳಿಗೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ ದೂರವಾದರೂ ಅಲ್ಲಿಗೆ ಕೊರಿಯರ್‌ನಲ್ಲೇ ಕಳಿಸುತ್ತಿರುವುದು ಈ ಕಾರಣಕ್ಕೆ.

ಹತ್ತು ನಿಮಿಷದ ವಿತರಣೆಯೊಂದಿಗೆ ಪೈಪೋಟಿ ನಡೆಸುವ ಇರಾದೆ ನನಗಿಲ್ಲ. ಬಡಾವಣೆಗೊಂದು ಡಾರ್ಕ್ ಸ್ಟೋರ್ (ಆನ್‌ಲೈನ್ ಆರ್ಡರುಗಳಿಗೆಂದೇ ಇರುವ ಸಣ್ಣ ಗೋದಾಮು) ಇಡುವ ಬಂಡವಾಳವೂ ಇಲ್ಲ, ರೊಟ್ಟಿ ಹತ್ತು ನಿಮಿಷದಲ್ಲಿ ಬರಲಿಲ್ಲವೆಂದು ಯಾರ ಮನೆಯ ಊಟವೂ ನಿಲ್ಲುವುದಿಲ್ಲ. ಮರುದಿನ ಖಚಿತವಾಗಿ, ಮುರಿಯದೆ ಬರುತ್ತದೆ ಎಂಬ ಭರವಸೆಗೆ ಗ್ರಾಹಕರು ಕೊಡುವ ಬೆಲೆ ಹೆಚ್ಚು.

ಇಂಥ ವ್ಯವಸ್ಥೆ ಮಾಡಿಕೊಳ್ಳುವವರು ಕರಾರಿನಲ್ಲಿ ಒಂದು ಸಾಲನ್ನು ಮರೆಯದೆ ಬರೆಸಬೇಕು: ಇಲಿ, ಇರುವೆ, ನೀರಿನಿಂದ ಸರಕು ಕೆಟ್ಟರೆ ನಷ್ಟ ಯಾರದು. ಜೊತೆಗೆ, ನಗದು ಪಾವತಿಯ ಪಾರ್ಸೆಲ್ ಬೇಡವೆಂದು ಮರಳಿದಾಗ ಅದನ್ನು ಬಿಚ್ಚಿ ಪರೀಕ್ಷಿಸುವವರು ಯಾರು ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಸೀಲು ಒಡೆಯದ ಚಟ್ನಿಯ ಪೊಟ್ಟಣ ತಾರೀಕು ನೋಡಿ ಮತ್ತೆ ರ‍್ಯಾಕು ಸೇರಬಹುದು. ಎರಡು ಬಾರಿ ಊರು ಸುತ್ತಿದ ರೊಟ್ಟಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಿಗುವುದು ಚೂರು ಮಾತ್ರ. ಹಾಗಾಗಿ ರೊಟ್ಟಿಗೆ ಮುಂಗಡ ಪಾವತಿಯನ್ನಷ್ಟೇ ಉಳಿಸಿಕೊಂಡಿದ್ದೇನೆ.