ವೇರುನಿಯ ಸದ್ದು, ವೇರುನಿಯ ಕಾಗುಣಿತ
ಕುಂಬಳೆ, 14 ಜುಲೈ 2024, ಭಾನುವಾರ

ವೇರುನಿಯ ಧ್ವನಿಪಟ್ಟಿ ಇವತ್ತಿಗೆ ಗಟ್ಟಿಯಾಯಿತು. ವ್ಯಂಜನ 20, ಸ್ವರ 5. ಇದು ನಾವು ಕೆಲವರು ಕೂಡಿ ಕಟ್ಟುತ್ತಿರುವ ಕಲ್ಪಿತ ಭಾಷೆ. ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿ, ಮರಾಠಿ ಎಂದು ಹಲವು ಮಾತು ಕೇಳಿಬರುವ ಈ ಕಾಸರಗೋಡಿನಲ್ಲಿ ಯಾರಿಗೂ ನಾಲಗೆ ತೊಡರಬಾರದು. ಮೊಬೈಲಿನ ರೋಮನ್ ಕೀಲಿಮಣೆಯಲ್ಲಿ ಚುಕ್ಕಿ, ಗೀಟು ಯಾವುದೂ ಇಲ್ಲದೆ ಬರೆಯಲು ಬರಬೇಕು. ಷರತ್ತು ಇವೆರಡೇ.

ಭಾಷೆ ಕಟ್ಟಲು ಹೊರಟವರು ಮೊದಲು ಸದ್ದು ಆರಿಸಿ, ಪದ ಕಟ್ಟಿ, ಕಾಗುಣಿತವನ್ನು ಕೊನೆಗೆ ಹಚ್ಚುವುದುಂಟು. ಕೆಡುವುದು ಅಲ್ಲಿಯೇ. ಯಾವ ಸದ್ದಿನ ಪಕ್ಕ ಯಾವುದು ಬರಬಹುದು ಎಂಬ ನಿಯಮವನ್ನೂ ಕಾಗುಣಿತವನ್ನೂ ಒಟ್ಟಿಗೇ ಕೂರಿಸಬೇಕು.

ಎಸ್ಪೆರಾಂಟೊ ಎಂಬ ಕಲ್ಪಿತ ಭಾಷೆಯನ್ನೇ ನೋಡಿ. ಝಾಮೆನ್‌ಹಾಫ್ ಅದನ್ನು 1887ರಲ್ಲಿ ವಾರ್ಸಾದಲ್ಲಿ ಪ್ರಕಟಿಸಿದಾಗ ಅಕ್ಷರ 28, ಅಕ್ಷರಕ್ಕೊಂದೇ ಸದ್ದು. ಆದರೆ ಆರು ಅಕ್ಷರಗಳ ತಲೆಯ ಮೇಲೆ ಗುರುತುಗಳಿವೆ. ಆ ಅಚ್ಚುಮೊಳೆ ಇಲ್ಲದ ಕಡೆ ಅವುಗಳಲ್ಲಿ ಐದನ್ನು ಗುರುತಿನ ಬದಲು ಅಕ್ಷರದ ಬಳಿಕ ಎಚ್ ಸೇರಿಸಿ ಬರೆಯಬಹುದೆಂದು ಅನುಮತಿಯಿತ್ತು. ತೊಡಕು ಬಂದದ್ದು ಸಮಾಸದಲ್ಲಿ. ವಿಮಾನ ನಿಲ್ದಾಣಕ್ಕೆ ಅಲ್ಲಿ ‘ಫ್ಲುಗ್‌ಹವೇನೊ’ ಎನ್ನುತ್ತಾರೆ: ಫ್ಲುಗ್ ಒಂದು ಪದ, ಹವೇನೊ ಇನ್ನೊಂದು. ನಡುವೆ ಜಿ ಮತ್ತು ಎಚ್ ತಾವಾಗಿ ಪಕ್ಕಪಕ್ಕ ನಿಂತವು. ಜಿ-ಎಚ್ ಜೋಡಿಯನ್ನು ‘ಜ’ ಎಂದು ಓದಬೇಕೋ, ಬಿಡಿಸಿ ಓದಬೇಕೋ? ಅದಕ್ಕೇ ಮುಂದೆ ಎಚ್ ಬದಲು ಎಕ್ಸ್ ಹಾಕುವ ರೂಢಿಯೂ ಬೆಳೆಯಿತು. ಎಕ್ಸ್ ಆ ವರ್ಣಮಾಲೆಯಲ್ಲೇ ಇಲ್ಲ, ಆದ್ದರಿಂದ ಗೊಂದಲವಿಲ್ಲ. ಆದರೆ ಓದಲು ಬಲು ಒರಟು.

ವೇರುನಿಗೆ ಎಚ್ ಬೇಕೇ ಬೇಕು. ಗೀತಾ, ಲತಾ ಎಂಬ ಹೆಸರನ್ನು ಇಲ್ಲಿಯವರು ಇಂಗ್ಲಿಷಿನಲ್ಲಿ ಬರೆಯುವಾಗ ‘ತ’ಕ್ಕೆ ಟಿ-ಎಚ್ ಹಾಕುತ್ತಾರೆ. ಆ ಅಭ್ಯಾಸವನ್ನು ಎದುರಿಸುವುದಕ್ಕಿಂತ ಬಳಸಿಕೊಳ್ಳುವುದು ಲೇಸು. ಹಾಗಾಗಿ ಟಿ ಎಂದರೆ ಟ, ಟಿ-ಎಚ್ ಎಂದರೆ ತ. ಡಿ ಎಂದರೆ ಡ, ಡಿ-ಎಚ್ ಎಂದರೆ ದ. ಮಹಾಪ್ರಾಣ ಭಾಷೆಯಲ್ಲೇ ಇಲ್ಲ. ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಾದವರು ದೊಡ್ಡಕ್ಷರದ ಟಿಯನ್ನು ಟಕ್ಕೆ, ಸಣ್ಣದನ್ನು ತಕ್ಕೆ ಇಡಿ ಎಂದರು. ಆದರೆ ವಾಕ್ಯದ ಮೊದಲಕ್ಷರವನ್ನು ಮೊಬೈಲು ತಾನೇ ದೊಡ್ಡದು ಮಾಡುತ್ತದೆ, ಪದವೇ ಬದಲಾಗಿಬಿಡುತ್ತದೆ. ದೊಡ್ಡಕ್ಷರಕ್ಕೆ ಅರ್ಥಭೇದದ ಹೊರೆ ಹೊರಿಸಲೇಬಾರದು.

ಇನ್ನು ಫ್ಲುಗ್‌ಹವೇನೊದ ತೊಡಕು ನಮ್ಮಲ್ಲಿ ಹುಟ್ಟದಂತೆ ಮಾಡಿದ್ದು ಕಾಗುಣಿತವಲ್ಲ, ಉಚ್ಚಾರಾಂಶದ, ಅಂದರೆ ಒಂದು ಸ್ವರದೊಡನೆ ಒಟ್ಟಾಗಿ ನುಡಿಯುವ ತುಣುಕಿನ, ನಿಯಮ. ಉಚ್ಚಾರಾಂಶ ಮುಗಿಯುವುದು ಸ್ವರದಲ್ಲಿ, ಇಲ್ಲವೇ ನ್, ಲ್, ರ್ ಈ ಮೂರರಲ್ಲಿ ಒಂದರಿಂದ. ಒತ್ತಾಗಿ ಇಮ್ಮಡಿಸುವ ವ್ಯಂಜನಕ್ಕೆ ಮಾತ್ರ ವಿನಾಯಿತಿ. ಹೀಗಿರುವಾಗ ‘ಟ್’ ಮುಗಿದು ‘ಹ’ ಶುರುವಾಗುವ ಸಂದರ್ಭವೇ ಪದದೊಳಗೆ ಬರುವುದಿಲ್ಲ. ಎಸ್-ಎಚ್ ಯಾವಾಗಲೂ ಶ, ಸಿ-ಎಚ್ ಯಾವಾಗಲೂ ಚ. ಶಕ್ಕೆ ಎಕ್ಸ್ ಇಡಬಹುದಿತ್ತು. ಗೋವೆಯ ರೋಮಿ ಕೊಂಕಣಿಯಲ್ಲಿ ಹಾಗೆಯೇ ಇದೆ. ಆದರೆ ಇಲ್ಲಿಯ ಕಣ್ಣು ಅದನ್ನು ‘ಕ್ಸ’ ಎಂದೇ ಓದುತ್ತದೆ.

ಪದದ ಕೊನೆಯಲ್ಲಿ ಬೇರೆ ವ್ಯಂಜನ ಕಂಡರೆ ಅದರ ಬಳಿಕ ತುಳುವಿನ, ಮಲಯಾಳದ ಅರ್ಧ ಉಕಾರ (ಪದದ ಕೊನೆಯಲ್ಲಿ ಅರೆಬರೆ ಕೇಳುವ ಉ) ಇದೆ ಎಂದೇ ಅರ್ಥ. ಅದಕ್ಕೆ ಅಕ್ಷರವೇ ಬೇಡ. ಕೆ-ಎ-ಡಿ ಎಂದು ಬರೆದದ್ದು ಕೊನೆಯಲ್ಲಿ ಆ ಮುಚ್ಚಿದ ಸ್ವರವಿರುವ ‘ಕಾಡ್’. ಇದಕ್ಕೆ ಹಕಾರದ ಪದ ಸೇರಿಸುವಾಗ ಮಾತ್ರ ಯು ಅಕ್ಷರ ನಡುವೆ ಬರಬೇಕು: ಕಾಡ್ ಮತ್ತು ಹೇಲ ಸೇರಿ ‘ಕಾಡುಹೇಲ’. ಯು ಬಿಟ್ಟರೆ ಡಿ-ಎಚ್ ಕೂಡಿ ದ ಆಗುತ್ತದೆ. ಕನ್ನಡ ಮನೆಮಾತಿನವರು ಅರ್ಧ ಉಕಾರವನ್ನು ತುಂಬು ಉಕಾರವಾಗಿಯೇ ನುಡಿಯುತ್ತಾರೆ. ನುಡಿಯಲಿ. ಇವೆರಡರ ವ್ಯತ್ಯಾಸದ ಮೇಲೆಯೇ ನಿಂತ ಪದಜೋಡಿ ಇರಕೂಡದು, ಅಷ್ಟೆ.

ಸ್ವರದ ಉದ್ದದ್ದು ದೊಡ್ಡ ತಲೆನೋವು. ಇಂಗ್ಲಿಷ್ ಕಲಿತವರಿಗೆ ಇ-ಇ ಜೋಡಿ ಕಂಡರೆ ‘ಈ’, ಓ-ಓ ಕಂಡರೆ ‘ಊ’. ಅದನ್ನು ಏ, ಓ ಎಂದು ಓದಿಸಲು ಹೋದರೆ ಸೋಲು ಖಂಡಿತ. ಹಾಗೆಂದು ಉದ್ದವನ್ನು ಬರೆಯದೆ ಬಿಟ್ಟರೆ ನಮ್ಮ ಕಿವಿ ಸುಮ್ಮನಿರುವುದಿಲ್ಲ, ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ. ಆದ್ದರಿಂದ ಉದ್ದವನ್ನು ನಿಯಮಕ್ಕೆ ಕಟ್ಟಿದೆವು. ನುಡಿಯುವಾಗ ದನಿಯ ಒತ್ತು ಸದಾ ಮೊದಲ ಉಚ್ಚಾರಾಂಶಕ್ಕೆ. ಅದು ಸ್ವರದಲ್ಲಿ ಮುಗಿದರೆ ದೀರ್ಘ, ವ್ಯಂಜನದಲ್ಲಿ ಮುಗಿದರೆ ಹ್ರಸ್ವ. ಮಿಕ್ಕಲ್ಲೆಲ್ಲ ಹ್ರಸ್ವ. ಕೆ-ಎ-ಎಲ್-ಎ ಎಂದರೆ ಕಾಲ. ಎಲ್ ಇಮ್ಮಡಿಸಿದರೆ ಕಲ್ಲ. ಸ್ವರದ ಉದ್ದ, ವ್ಯಂಜನದ ಒತ್ತು ಎರಡನ್ನೂ ಒಂದೇ ಎಲ್ ಹೇಳಿಬಿಡುತ್ತದೆ. ಈ ಪಟ್ಟಿಯಲ್ಲಿ ನಮಗೆ ಅತ್ಯಂತ ಪ್ರಿಯವಾದ ನಿಯಮ ಇದೇ. ತ್ತ ಬರೆಯುವಾಗ ಟಿ-ಟಿ-ಎಚ್ ಸಾಕು, ಎಚ್ ಎರಡು ಸಲ ಬೇಡ.

ಎರಡು ಸ್ವರಗಳ ನಡುವಿನ ಒಂಟಿ ಕ, ಟ, ತ, ಪ ಮಲಯಾಳಿಗಳ ಬಾಯಲ್ಲಿ ಮೆತ್ತಗಾಗಿ ಗ, ಡ, ದ, ಬಗಳ ಹತ್ತಿರ ಸರಿಯುತ್ತವೆ. ಅಲ್ಲಿ ಟ ಮತ್ತು ಡಗಳನ್ನು ಎದುರುಬದುರು ನಿಲ್ಲಿಸಿದರೆ ಅರ್ಧ ಜಿಲ್ಲೆಗೆ ಆ ಭೇದ ಕೇಳುವುದೇ ಇಲ್ಲ. ಹಾಗಾಗಿ ಸ್ವರಗಳ ನಡುವೆ ಕ, ಚ, ಟ, ತ, ಪ ಒತ್ತಾಗಿ ಮಾತ್ರ ಬರುತ್ತವೆ: ಕಾಡ ಉಂಟು, ಕಟ್ಟ ಉಂಟು, ಕಾಟ ಇಲ್ಲ. ಪದದ ಕೊನೆಗೂ ಇದೇ ನಿಯಮ. ನಕಾರದ ಬಳಿಕವೂ ಗ, ಜ, ಡ, ದ, ಬಗಳೇ.

ಕನ್ನಡದವರು ಎಲ್ಲಿ ಎಂಬುದನ್ನು ಯೆಲ್ಲಿ, ಒಂದು ಎಂಬುದನ್ನು ವೊಂದು ಎನ್ನುವುದರಿಂದ ಯಿ, ಯೆ, ವು, ವೊ ಈ ನಾಲ್ಕನ್ನು ಹೊರಗಿಟ್ಟಿದ್ದೇವೆ. ಟೋಕಿ ಪೋನಾ ಎಂಬ ಕಲ್ಪಿತ ಭಾಷೆಯಲ್ಲೂ ಯಿ, ವು, ವೊ ಇಲ್ಲ.

ೞ ಉಳಿಯಿತು. ಹಳಗನ್ನಡದ ಮೞೆ, ಬಾೞೆಗಳಲ್ಲಿದ್ದ ಈ ಸದ್ದು ಮುಂದೆ ನಮ್ಮಲ್ಲಿ ಳಕಾರದಲ್ಲಿ ಕರಗಿತು, ಮಲಯಾಳದಲ್ಲಿ ಉಳಿದಿದೆ. ಕೋಯಿಕ್ಕೋಡ್ (ಕಲ್ಲಿಕೋಟೆ) ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಹಾಕುವ ಝಡ್-ಎಚ್ ಇದರದ್ದೇ ಗುರುತು, ಅದನ್ನೇ ತೆಗೆದುಕೊಂಡೆವು. ಷರತ್ತು: ಪದದ ಮೊದಲಲ್ಲಿ ಬರಬಾರದು, ಒತ್ತಾಗಬಾರದು, ಮತ್ತು ಳ ಭಾಷೆಯಲ್ಲಿ ಇರಬಾರದು. ಆಗ ಕನ್ನಡಿಗರು ಅದನ್ನು ಳ ಎಂದು ನುಡಿದರೂ ಯಾವ ಪದವೂ ಇನ್ನೊಂದಾಗುವುದಿಲ್ಲ.

ಲೆಕ್ಕ ಹೀಗಿದೆ. ಪದದ ಮೊದಲ ಉಚ್ಚಾರಾಂಶಕ್ಕೆ ಆರಂಭದಲ್ಲಿ 19 ವ್ಯಂಜನ ಅಥವಾ ವ್ಯಂಜನವೇ ಇಲ್ಲದೆ, ಐದು ಸ್ವರ, ಕೊನೆಗೆ ನಾಲ್ಕು ಬಗೆ (ಬರಿ ಸ್ವರ, ನ್, ಲ್, ರ್): ಒಟ್ಟು 400. ನಿಷೇಧಿಸಿದ 16 ಕಳೆದರೆ 384. ಎರಡು ಉಚ್ಚಾರಾಂಶದ ಪದಗಳಿಗೇ ಇದು ಧಾರಾಳ. ರೋಮನ್ ಅಕ್ಷರಗಳಲ್ಲಿ ಎಫ್, ಕ್ಯೂ, ಡಬ್ಲ್ಯೂ, ಎಕ್ಸ್ ನಾಲ್ಕು ಮಿಕ್ಕಿವೆ.

ಪರೀಕ್ಷೆಗೆ 30 ಪದ ಸಾಕು. ಪ್ರತಿಯೊಂದು ಭೇದವೂ ಎರಡು ಸಲವಾದರೂ ಬರುವಂತೆ ಪಟ್ಟಿ ಮಾಡಿ. ಒಬ್ಬರು ಓದಲಿ, ನಿಯಮ ಗೊತ್ತಿರುವ ಬೇರೆ ಮನೆಮಾತಿನವರು ಟೈಪ್ ಮಾಡಲಿ, ಮೂರನೆಯವರು ಆ ಬರಹವನ್ನು ಮಾತ್ರ ನೋಡಿ ಗಟ್ಟಿಯಾಗಿ ಓದಲಿ. ಮೊದಲಿನವರ ಪದ ಮೂರನೆಯವರ ಬಾಯಲ್ಲಿ ಬಂದರೆ ಆಯಿತು. ತಪ್ಪಿದಾಗ ಬರೆಯುವಾಗ ತಪ್ಪಿತೋ ಓದುವಾಗ ತಪ್ಪಿತೋ ಎಂದು ಗುರುತು ಹಾಕಿಕೊಳ್ಳಬೇಕು. ಬರೆಯುವಾಗ ತಪ್ಪಿದರೆ ಸದ್ದಿನ ಭೇದ ಕಿವಿಗೆ ಸಾಲದು, ಆ ಸದ್ದನ್ನೇ ಬಿಡಬೇಕಾದೀತು. ಓದುವಾಗ ತಪ್ಪಿದರೆ ಅಕ್ಷರ ಬದಲಿಸಿದರೆ ಸಾಕು. ಸ, ಶಗಳ ಮೇಲೆ ನಮಗಿನ್ನೂ ಅನುಮಾನವಿದೆ. ಅವು ಈ ಪರೀಕ್ಷೆಯಲ್ಲಿ ಬಿದ್ದರೆ ಶ ಹೋಗುತ್ತದೆ, ವ್ಯಂಜನ 19 ಆಗುತ್ತದೆ.